ಕಾಕಾನ ಎರಡು ಟ್ರಂಕು ಕ್ಯಾಸೆಟ್ಟು: ಧಾರವಾಡ ಸೀಮೆಯ ಬೈಠಕ್ ರೆಕಾರ್ಡಿಂಗ್ ಉಳಿಸೋದು ಹೇಗೆ?

ಮಾಳಮಡ್ಡಿ ಹುಡುಗ

ನಮಸ್ಕಾರ. ನಮ್ಮ ಕಾಕಾ ಹೋದ ವರ್ಷ ತೀರಿಕೊಂಡರು. ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು, ಮದುವೆ ಆಗಿರಲಿಲ್ಲ. ಹಾಡಲು ಬರುತ್ತಿರಲಿಲ್ಲ, ಪೇಟಿ (ಹಾರ್ಮೋನಿಯಂ) ಮುಟ್ಟಿದವರೂ ಅಲ್ಲ. ಕೇಳೋದೊಂದೇ ಹುಚ್ಚು. ಧಾರವಾಡ, ಹುಬ್ಬಳ್ಳಿ, ಕುಂದಗೋಳ, ಗದಗ, ಎಲ್ಲಿ ಗಾಯನ, ಬೈಠಕ್ (ಕೆಲವೇ ಕೇಳುಗರ ಮುಂದೆ ಕೂತು ಹಾಡೋ ಸಣ್ಣ ಕಚೇರಿ) ಇದ್ದರೂ ಹೆಗಲಿಗೆ ಬಗಲಚೀಲ ಹಾಕಿಕೊಂಡು ಹೊರಡುತ್ತಿದ್ದರು. ಚೀಲದಲ್ಲಿ ಟೇಪ್ ರೆಕಾರ್ಡರ್, ನಾಲ್ಕು ಕ್ಯಾಸೆಟ್ಟು, ಒಂದು ಜೊತೆ ಹೊಸ ಸೆಲ್ಲು.

ಈಗ ಅವರ ಕೋಣೆಯಲ್ಲಿ ಎರಡು ಕಬ್ಬಿಣದ ಟ್ರಂಕು ತುಂಬ ಕ್ಯಾಸೆಟ್ಟಿವೆ. ಮುನ್ನೂರರ ಮೇಲೆ ಇರಬಹುದು. ಕೆಲವು ಸ್ಪೂಲ್ ಟೇಪೂ (ದೊಡ್ಡ ಚಕ್ರಕ್ಕೆ ಸುತ್ತಿದ ಟೇಪು) ಇವೆ. ಜೊತೆಗೆ ಒಂದು ಉದ್ದನೆಯ ಲೆಕ್ಕದ ಪುಸ್ತಕ, ಅದರ ತುಂಬ ಅವರ ಅಕ್ಷರ.

ಹಳೇ ಹಂಚಿನ ಮನೆ, ಕೆಡವಿ ಕಟ್ಟಬೇಕು ಅಂತ ಮನೆಯಲ್ಲಿ ಮಾತಾಗಿದೆ. ಮಳೆಗಾಲದ ಒಳಗೆ ಕೋಣೆ ಖಾಲಿ ಆಗಬೇಕು. ಅಪ್ಪ ಮಾತ್ರ "ಎಲ್ಲಾ ಒಂದು ಪೆನ್ ಡ್ರೈವಿಗೆ ಹಾಕಿಸು, ಟ್ರಂಕು ಗುಜರಿಗೆ ಕೊಡು" ಅಂತಾರೆ. ನನಗೆ ಸಂಗೀತ ಅಷ್ಟು ತಿಳಿಯಲ್ಲ. ಆದರೆ ಗುಜರಿಗೆ ಕೊಡೋಕೆ ಮನಸ್ಸು ಬರ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಹಳೇರೀಲ್

ಹುಬ್ಬಳ್ಳಿಯಿಂದ. ಟೇಪು, ರೇಡಿಯೋ ರಿಪೇರಿ ಮಾಡಿಕೊಂಡೇ ಬದುಕಿದವನು ನಾನು. ಮೊದಲು ಬೇಡದ್ದು ಹೇಳಿಬಿಡ್ತೀನಿ. ಮನೆಯಲ್ಲಿರೋ ಹಳೇ ರೇಡಿಯೋ-ಟೇಪು ಟೂ-ಇನ್-ವನ್‌ಗೆ ಒಂದನ್ನೂ ಹಾಕಬೇಡಿ. ಅದರ ಒಳಗಿನ ರಬ್ಬರ್ ಬೆಲ್ಟು ಇಷ್ಟು ಹೊತ್ತಿಗೆ ಡಾಂಬರಿನ ಹಾಗೆ ಅಂಟಂಟಾಗಿರುತ್ತದೆ. ಟೇಪು ಒತ್ತಿ ಎಳೆಯುವ ಪಿಂಚ್ ರೋಲರ್ ಗಟ್ಟಿಯಾಗಿ ಜಾರುತ್ತದೆ. ಯಂತ್ರ ಟೇಪು ನುಂಗೋದು ಹೀಗೇ.

ಆಮೇಲೆ, ಪ್ರತಿ ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲು ಇರುತ್ತವೆ. ಇದ್ದರೆ ಮುರಿದುಬಿಡಿ. ಆಗ ಯಾರಾದರೂ ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅದು ಕೂರೋದೇ ಇಲ್ಲ.

ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಅಂಚಿನಲ್ಲಿ ಬಿಳಿ ಪುಡಿ, ಜೇಡರ ಬಲೆ ಥರ ಕಂಡರೆ ಬೂಷ್ಟು. ಅಂಥವನ್ನು ಬೇರೆ ಡಬ್ಬಿಗೆ ಹಾಕಿ, ಬೇರೆಯವಕ್ಕೆ ತಾಗಿಸಬೇಡಿ. ಮಾಸ್ಕ್ ಹಾಕಿಕೊಂಡೇ ಮುಟ್ಟಿ. ಧಾರವಾಡದ ಮಳೆಗಾಲ ಗೊತ್ತಲ್ಲ, ಗೋಡೆಯೇ ಬೆವರುತ್ತದೆ. ಗದಗ ಕಡೆಯಿಂದ ನನ್ನ ಹತ್ತಿರ ಬರೋ ಟೇಪುಗಳಿಗೆ ಧೂಳು ಜಾಸ್ತಿ, ಬೂಷ್ಟು ಕಡಿಮೆ. ನಿಮ್ಮಲ್ಲಿ ಉಲ್ಟಾ.

ಮೇಲೆ ಸಿ-60, ಸಿ-90, ಸಿ-120 ಅಂತ ಬರೆದಿರುತ್ತದೆ (ಎರಡೂ ಬದಿ ಸೇರಿ ಎಷ್ಟು ನಿಮಿಷ ಅನ್ನೋ ಲೆಕ್ಕ), ಅದನ್ನೂ ಗುರುತು ಹಾಕಿಕೊಳ್ಳಿ. ಸಿ-60 ಟೇಪಿನ ದಪ್ಪ ಸುಮಾರು 18 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ಸಿ-90 ಸುಮಾರು 12. ಸಿ-120 ಬರೀ 9. ಅಷ್ಟು ತೆಳು ಟೇಪು ಬೇಗ ಹಿಗ್ಗುತ್ತದೆ, ಸುತ್ತಿಕೊಳ್ಳುತ್ತದೆ. ಫಾಸ್ಟ್ ಫಾರ್ವರ್ಡ್, ರಿವೈಂಡ್ ಆಟ ಅದರ ಮೇಲೆ ಬೇಡ.

ಪುಸ್ತಕದ ಹುಳ

ಹಳೇರೀಲ್ ಅಣ್ಣ ಹೇಳಿದ್ದು ಸರಿ. ಆದರೆ ಟೇಪು ಮುಟ್ಟೋಕೂ ಮುಂಚೆ ಆ ಲೆಕ್ಕದ ಪುಸ್ತಕದ ಫೋಟೋ ತೆಗೀರಿ. ಪುಟ ಪುಟವೂ. ಬೆಳಕಿರೋ ಕಡೆ ಮೊಬೈಲಿನಲ್ಲೇ ಸಾಕು. ಆಮೇಲೆ ಪ್ರತಿ ಕ್ಯಾಸೆಟ್ಟಿನ ಫೋಟೋ: ಡಬ್ಬಿಯ ಬೆನ್ನು, ಒಳಗಿನ ಕಾಗದದ ಎರಡೂ ಬದಿ, ಕ್ಯಾಸೆಟ್ಟಿನ ಎ ಬದಿ, ಬಿ ಬದಿ. ಟ್ರಂಕಿನಲ್ಲಿ ಯಾವುದರ ಪಕ್ಕ ಯಾವುದಿತ್ತು ಅನ್ನೋದೂ ಫೋಟೋದಲ್ಲಿ ಬರಲಿ. ಅವರು ಜೋಡಿಸಿದ ರೀತಿಯಲ್ಲೇ ಏನೋ ಲೆಕ್ಕ ಇರುತ್ತದೆ. ನೀವು ಚೆಂದ ಮಾಡಲು ಹೋಗಿ ಹೆಸರಿನ ಪ್ರಕಾರ ಜೋಡಿಸಿದರೆ ಆ ಲೆಕ್ಕ ಹೋಯಿತು.

ಪೆನ್ಸಿಲ್ಲಿನಲ್ಲಿ ಒಂದೊಂದಕ್ಕೆ ನಂಬರ್ ಕೊಡಿ. ಅಂಟಿಸೋ ಚೀಟಿ ಬೇಡ, ಅಂಟು ಒಣಗಿ ಬೀಳುತ್ತದೆ, ಇಲ್ಲವೇ ಕರಗಿ ಒಳಗೆ ಹೋಗುತ್ತದೆ.

ನಾನು ಲೈಬ್ರರಿಯಲ್ಲಿ ಕೆಲಸ ಮಾಡೋನು. ಜನ ದಾನ ಕೊಡೋ ಸಂಗ್ರಹಗಳಲ್ಲಿ ಪುಸ್ತಕ ಇರುತ್ತದೆ, ಪಟ್ಟಿ ಇರೋದಿಲ್ಲ. ನಿಮ್ಮ ಕಾಕಾ ಪಟ್ಟಿ ಬರೆದಿಟ್ಟು ಹೋಗಿದ್ದಾರೆ. ಅದಿಲ್ಲದೆ ಆ ಟ್ರಂಕು ಬರೀ ಪ್ಲಾಸ್ಟಿಕ್ ರಾಶಿ.

ಸೌಂಡ್ ಸಿದ್ದ

ಇಷ್ಟೆಲ್ಲಾ ಯಾಕೆ? ಆನ್‌ಲೈನ್‌ನಲ್ಲಿ ಒಂದೂವರೆ ಸಾವಿರಕ್ಕೆ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ಸಿಗುತ್ತೆ. ಲ್ಯಾಪ್‌ಟಾಪಿಗೆ ಚುಚ್ಚಿ, ಎಂಪಿ3 ಮಾಡಿ, ಎಐ ಟೂಲಿನಲ್ಲಿ ಗದ್ದಲ ತೆಗೆದು ಯೂಟ್ಯೂಬಿಗೆ ಹಾಕಿ. ಒಂದು ತಿಂಗಳ ಕೆಲಸ. ಎಲ್ಲರಿಗೂ ಕೇಳಲು ಸಿಗುತ್ತೆ.

ಹಳೇರೀಲ್

ಸಿದ್ದ, ಆ ಅಗ್ಗದ ಪ್ಲೇಯರಿನ ವೇಗವೇ ಒಂದು ಹದದಲ್ಲಿ ಇರೋದಿಲ್ಲ. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಅದು ತೂಗಾಡಿದರೆ ಷಡ್ಜವೇ, ಅಂದರೆ ಆಧಾರದ 'ಸ' ಸ್ವರವೇ ಅಲುಗಾಡುತ್ತದೆ. ಸಿನಿಮಾ ಹಾಡಿಗೆ ನಡೆದೀತು. ಅರ್ಧ ಗಂಟೆ ಒಂದೇ ಸ್ವರದ ಸುತ್ತ ಕಟ್ಟೋ ಆಲಾಪಕ್ಕೆ ನಡೆಯೋದಿಲ್ಲ.

ಒಂದು ತಿಂಗಳ ಕೆಲಸವೂ ಅಲ್ಲ. ಟೇಪನ್ನು ಓಡಿಸಿಯೇ ಇಳಿಸಬೇಕು, ಒಂದೂವರೆ ಗಂಟೆಯ ಕ್ಯಾಸೆಟ್ಟಿಗೆ ಒಂದೂವರೆ ಗಂಟೆ ಬೇಕು. ಮುನ್ನೂರು ಸಿ-90 ಅಂದರೆ 450 ಗಂಟೆ. ದಿನಕ್ಕೆ ಎರಡು ಗಂಟೆ ಕೂತರೆ ಏಳೂವರೆ ತಿಂಗಳು.

ಬೇಕಾಗೋದು ಇಷ್ಟು. ಸರ್ವೀಸ್ ಮಾಡಿದ ಒಂದು ಒಳ್ಳೇ ಕ್ಯಾಸೆಟ್ ಡೆಕ್. ಧ್ವನಿಯನ್ನು ಕಂಪ್ಯೂಟರಿಗೆ ದಾಟಿಸೋ ಸಾಧಾರಣ ಒಂದು ಆಡಿಯೋ ಇಂಟರ್‌ಫೇಸ್. ಐಸೋಪ್ರೊಪೈಲ್ ಆಲ್ಕೋಹಾಲ್, ಹತ್ತಿಕಡ್ಡಿ. ಪ್ರತಿ ಕ್ಯಾಸೆಟ್ಟಿಗೂ ಹೆಡ್ (ಟೇಪು ಓದೋ ಭಾಗ) ಒರೆಸಬೇಕು. ಅಡಾಸಿಟಿ ಸಾಫ್ಟ್‌ವೇರ್ ಬಿಟ್ಟಿ ಸಿಗುತ್ತದೆ.

ಇನ್ನು ಅಜಿಮತ್ ಅಂತ ಒಂದಿದೆ, ಜನ ಮರೆಯೋದೇ ಇದನ್ನು. ಹೆಡ್ಡಿನ ಸೀಳು ಟೇಪಿಗೆ ನೇರ ಲಂಬವಾಗಿ ನಿಂತಿರಬೇಕು. ಕಾಕಾ ಅವರ ರೆಕಾರ್ಡರಿನಲ್ಲಿ ಅದು ಒಂಚೂರು ವಾರೆಯಾಗಿದ್ದಿದ್ದರೆ, ಬೇರೆ ಯಂತ್ರದಲ್ಲಿ ಹಾಕಿದಾಗ ಧ್ವನಿ ಕಂಬಳಿ ಹೊದ್ದ ಹಾಗೆ ಬರುತ್ತದೆ. ಹೆಡ್ಡಿನ ಪಕ್ಕ ಒಂದು ಸಣ್ಣ ಸ್ಕ್ರೂ ಇದೆ. ಕೂದಲೆಳೆಯಷ್ಟು ತಿರುಗಿಸುತ್ತಾ ತಂಬೂರಿ ಕೇಳಿ. ಜವಾರಿ (ತಂತಿಯ ಝೇಂಕಾರ) ಒಮ್ಮೆಲೇ ತೆರೆದುಕೊಳ್ಳುತ್ತದೆ, ಆ ಜಿಲಿಜಿಲಿ ಎದ್ದು ಬರುತ್ತದೆ. ಅಲ್ಲಿ ನಿಲ್ಲಿಸಿ. ಪ್ರತಿ ಟೇಪಿಗೂ ಹೀಗೇ ಮಾಡಬೇಕು. ಇದಾದ ಮೇಲೆ ಅರ್ಧಕ್ಕರ್ಧ "ಗದ್ದಲ" ತಾನೇ ಸಮಸ್ಯೆ ಅನ್ನಿಸೋದಿಲ್ಲ.

ಕರಿ ಎರಡು

ಹೇಳಿದ್ದು ಕರೆಕ್ಟ್. ನಾನು ಸಂಗೀತ ಕಲಿಸ್ತೀನಿ. ಗದ್ದಲ ತೆಗೆಯೋ ಟೂಲಿನ ಬಗ್ಗೆ ಒಂದು ಮಾತು. ಅವು ಏನು ಮಾಡುತ್ತವೆ? ಒಂದೇ ಸಮ ನಡೆಯೋ ಸದ್ದನ್ನು ಹುಡುಕಿ ತೆಗೆಯುತ್ತವೆ. ಕಚೇರಿಯಲ್ಲಿ ಮೊದಲಿಂದ ಕೊನೆವರೆಗೆ ಒಂದೇ ಸಮ ನಡೆಯೋ ಸದ್ದು ಯಾವುದು? ತಂಬೂರಿ! ನನಗೊಬ್ಬರು ಹೀಗೆ "ಸ್ವಚ್ಛ" ಮಾಡಿದ ರೆಕಾರ್ಡಿಂಗ್ ಕಳಿಸಿದ್ದರು. ಹಾಡುವವರು ಬಾವಿಯೊಳಗೆ ಒಬ್ಬರೇ ಕೂತು ಹಾಡಿದ ಹಾಗಿತ್ತು. ಆಸರೆಯೇ ಇಲ್ಲ.

ನಮ್ಮ ಮನೆಯದೂ ಒಂದು ಕಥೆ ಇದೆ. ಅಪ್ಪನ ಹತ್ತಿರ ಇದ್ದ ಕ್ಯಾಸೆಟ್ಟುಗಳನ್ನು ಊರಿನ ಒಂದು ಅಂಗಡಿಗೆ ಕೊಟ್ಟಿದ್ದೆವು. ಸಿಡಿ ಮಾಡಿ ಕೊಟ್ಟರು. ಹಾಡಿನ ನಡುವಿನ ಮಾತು, ಚಪ್ಪಾಳೆ, ತಂಬೂರಿ ಶ್ರುತಿ ಮಾಡೋದು ಎಲ್ಲಾ "ಖಾಲಿ ಜಾಗ" ಅಂತ ಕತ್ತರಿಸಿದ್ದರು. ಸಿಡಿ ಮೇಲೆ ಟ್ರ್ಯಾಕ್ 1, ಟ್ರ್ಯಾಕ್ 2. ಅಪ್ಪ ಬರೆದಿದ್ದ ಕಾಗದಗಳೂ ವಾಪಸ್ ಬರಲಿಲ್ಲ. ಆ ಮಾತಿನಲ್ಲೇ ಗಾಯಕರು ರಾಗದ ಹೆಸರು ಹೇಳಿದ್ದರು. ಈಗ ಒಂದು ಜೋಡ್ ರಾಗ (ಎರಡು ರಾಗ ಬೆರೆಸಿದ್ದು) ಇದೆ, ಹೆಸರಿಗಾಗಿ ಇವತ್ತಿಗೂ ಜಗಳ ಆಡ್ತೀವಿ.

ಅದಕ್ಕೇ ಕೈಮುಗಿದು ಹೇಳ್ತೀನಿ, ಮೊದಲ ಪ್ರತಿ ಟೇಪಿನಲ್ಲಿ ಇದ್ದದ್ದು ಇದ್ದ ಹಾಗೆ ಇರಲಿ. ಕೆಮ್ಮು, ಚಹಾ ಕಪ್ಪಿನ ಸದ್ದು, ಹೊರಗೆ ಹಾದುಹೋದ ಲಾರಿ, ಎಲ್ಲಾ. ಅದನ್ನು ಎತ್ತಿಟ್ಟು, ಬೇಕಿದ್ದರೆ ಇನ್ನೊಂದು ಪ್ರತಿ ಮಾಡಿ ಅದರಲ್ಲಿ ಕೈಯಾಡಿಸಿ.

ಸೌಂಡ್ ಸಿದ್ದ

ಸರಿ, ತಂಬೂರಿ ವಿಷಯ ಒಪ್ಪಿದೆ. ಆದರೆ ಕೇಳೋರಿಗೆ ಸಿಗದ ರೆಕಾರ್ಡಿಂಗ್ ಉಳಿಸಿ ಏನು ಉಪಯೋಗ? ಏಳೂವರೆ ತಿಂಗಳು ಕೂತು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳೋದಾ? ಟ್ರಂಕಿನಿಂದ ತೆಗೆದು ಇನ್ನೊಂದು ಟ್ರಂಕಿಗೆ ಹಾಕಿದ ಹಾಗಾಯ್ತು.

ಮಾಳಮಡ್ಡಿ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ, ಭಾನುವಾರ ಕೂತು ಫೋಟೋ ತೆಗೆದೆ. ನನ್ನ ಅಕ್ಕನೂ ಬಂದಳು. ಲೆಕ್ಕದ ಪುಸ್ತಕ ನೋಡಿ ನಾವಿಬ್ಬರೂ ದಂಗಾದೆವು. ಪ್ರತಿ ಸಾಲಿನಲ್ಲಿ ಹಾಡಿದವರು, ತಬಲಾ, ಪೇಟಿ, ರಾಗ, ಎಲ್ಲಿ, ಯಾರ ಮನೆಯಲ್ಲಿ, ಯಾವ ನಿಮಿತ್ತ ಅಂತ ಇದೆ. ಕೊನೆಯ ಕಾಲಮ್ಮಿನಲ್ಲಿ ಅವರ ಟಿಪ್ಪಣಿ. ಒಂದೆರಡು ಇಲ್ಲಿ ಹಾಕ್ತೀನಿ:

"ಕರೆಂಟು ಹೋಯಿತು. ಕಂದೀಲು ತಂದರು. ಮೈಕಿಲ್ಲದೆ ಹಾಡಿದರು. ಇನ್ನೂ ಚಲೋ ಆತು."

"ಎ ಬದಿ ಮುಗಿಯುವಾಗ ಬಡಾ ಖ್ಯಾಲ (ನಿಧಾನ ಲಯದ ದೊಡ್ಡ ಹಾಡು) ಇನ್ನೂ ನಡೆದಿತ್ತು. ಎರಡು ಆವರ್ತನ (ತಾಳದ ಸುತ್ತು) ಹೋದವು. ಸೆಲ್ಲು ಇಳಿದಿತ್ತು."

"ಪಕ್ಕದವರು ಬಡೆಸೋಪು ಅಗಿಯುವುದು ಕೇಳುತ್ತದೆ. ಅವರ ಮನೆಯಲ್ಲೇ ಬೈಠಕ್ ಇತ್ತು, ಹೇಳಲಾಗಲಿಲ್ಲ."

ಒಂದು ಸಮಸ್ಯೆ. ಸುಮಾರು ಐವತ್ತು ಕ್ಯಾಸೆಟ್ಟಿನ ಮೇಲೆ ಏನೂ ಬರೆದಿಲ್ಲ, ಬರೀ ಒಂದು ಚುಕ್ಕಿ. ಕೆಲವದರ ಮೇಲೆ "ಆಕಾಶವಾಣಿ" ಅಂತಷ್ಟೇ ಇದೆ. ಮುನ್ನೂರೂ ಮಾಡೋಕೆ ಆಗದಿದ್ದರೆ ಯಾವುದನ್ನು ಮೊದಲು ಮಾಡಲಿ?

ಪುಸ್ತಕದ ಹುಳ

ಆ ಬಡೆಸೋಪಿನ ಸಾಲಿಗೆ ನಗು ತಡೆಯೋಕಾಗಲಿಲ್ಲ. ಎಂಥಾ ಮನುಷ್ಯ!

ಮೂರು ಗುಂಪು ಮಾಡಿ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟು, ಅದರ ನಕಲು: ಕೊನೆಗೆ. ಕಂಪನಿ ಹೊರತಂದದ್ದು ಎಲ್ಲೋ ಒಂದು ಕಡೆ ಇರುತ್ತದೆ. ರೇಡಿಯೋದಿಂದ ಇಳಿಸಿದ್ದು: ನಡುವೆ. ಧಾರವಾಡ ಆಕಾಶವಾಣಿ 1950ರಿಂದ ಇದೆ, ಅವರದೇ ಸಂಗ್ರಹವೂ ಇದೆ. ಎಲ್ಲವೂ ಉಳಿದಿದೆ ಅಂತ ಅಲ್ಲ, ಆದರೂ ಒಂದು ದಾರಿ ಇದೆ. ಮೂರನೇದು ಮನೆ, ಗುಡಿ, ಮಠ, ವಾಡೆಯಲ್ಲಿ (ಹಳೇ ದೊಡ್ಡ ಮನೆ) ನಡೆದ ಬೈಠಕ್. ಅದರ ಇನ್ನೊಂದು ಪ್ರತಿ ಈ ಭೂಮಿ ಮೇಲೆ ಬಹುಶಃ ಇಲ್ಲ. ಅದೇ ಮೊದಲು. ಅದರಲ್ಲೂ ಸಿ-120 ಮತ್ತು ಬೂಷ್ಟು ಹಿಡಿದವು ಎಲ್ಲಕ್ಕಿಂತ ಮೊದಲು.

ದೊಡ್ಡ ಹೆಸರಿನವರದ್ದು ಮೊದಲು ಅನ್ನೋ ಆಸೆ ಆಗುತ್ತದೆ. ಬೇಡ. ಮಲ್ಲಿಕಾರ್ಜುನ ಮನ್ಸೂರರದು, ಗಂಗೂಬಾಯಿ ಹಾನಗಲ್ಲರದು, ಭೀಮಸೇನ ಜೋಶಿಯವರದು ರೇಡಿಯೋ, ರೆಕಾರ್ಡು, ಬೇರೆ ಊರಿನ ಕೇಳುಗರ ಹತ್ತಿರ ಸಾಕಷ್ಟಿದೆ. ಜೀವಮಾನ ಪೂರ್ತಿ ಗದಗ, ಹಾವೇರಿ ಸೀಮೆ ಬಿಟ್ಟು ಹೋಗದೆ ಹಾಡಿದ, ಒಂದು ರೆಕಾರ್ಡೂ ಕೊಡದ ಗವಾಯಿಗಳ ದನಿ ಇದ್ದರೆ ನಿಮ್ಮ ಕಾಕಾನ ಟ್ರಂಕಿನಲ್ಲೇ ಇರಬೇಕು.

ಕುಂದಗೋಳ ಅಜ್ಜ

ಮೊಮ್ಮಗಳು ಟೈಪ್ ಮಾಡ್ತಿದ್ದಾಳೆ, ನಾನು ಹೇಳ್ತಿದ್ದೇನೆ. ತಮ್ಮಾ, ನಿಮ್ಮ ಕಾಕಾನ್ನ ನಾನು ನೋಡಿರಬೇಕು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಗಂಗೂಬಾಯಿ, ಭೀಮಸೇನರ ಗುರು ಸವಾಯಿ ಗಂಧರ್ವರ ಪುಣ್ಯತಿಥಿ ಸಂಗೀತ ನಡೆಯುತ್ತದಲ್ಲ, ರಾತ್ರಿಯಿಡೀ. ಹುಬ್ಬಳ್ಳಿ, ಧಾರವಾಡದ ಮಂದಿ ಸಂಜೆ ರೈಲಿಗೆ ಬರುತ್ತಿದ್ದರು, ಬೆಳಿಗ್ಗೆ ಭೈರವಿ ಮುಗಿದ ಮೇಲೇ ಏಳೋದು. ಕಂಬಕ್ಕೆ ಆತು ಒಬ್ಬರು ಕೂತಿರುತ್ತಿದ್ದರು, ತೊಡೆ ಮೇಲೆ ಟೇಪು, ಅದರ ಮೇಲೆ ಮಡಚಿದ ಟವೆಲ್ಲು. ಕ್ಯಾಸೆಟ್ಟು ತಿರುವಿ ಹಾಕೋ ಹೊತ್ತಿಗೆ ಅವರ ಮುಖ ನೋಡಬೇಕಿತ್ತು. ತಬಲಾದವರು ಗಟ್ಟಾ (ತಬಲಾಕ್ಕೆ ಸಿಕ್ಕಿಸಿದ ಮರದ ತುಂಡು) ಬಡಿದು ಸುರ್ ಕೂಡಿಸಿಕೊಳ್ಳಲಿ ಅಂತ ಕಾಯುತ್ತಿದ್ದರು. ಅವರು ಸುತ್ತಿಗೆ ಎತ್ತಿದರೋ, ಇವರದು ಟಕ್ ಟಕ್, ಬದಿ ಬದಲು. ಒಮ್ಮೆ ಹಾಡೋರೇ ಅದನ್ನು ನೋಡಿ ನಕ್ಕರು. "ಆತೇನ್ರಿ?" ಅಂತ ಕೇಳಿ ಮುಂದೆ ಹಾಡಿದರು.

ಚುಕ್ಕಿ ಇಟ್ಟ ಕ್ಯಾಸೆಟ್ಟು ಇವೆಯಲ್ಲ, ಅವನ್ನು ನನಗೆ ಕೇಳಿಸಿ. ನನಗೀಗ ಎಂಬತ್ತರ ಮೇಲೆ. ಕಣ್ಣು ಮಂದ, ಕಿವಿ ಇನ್ನೂ ಸರಿ ಇದೆ. ಯಾರ ದನಿ ಅಂತ ಹೇಳೋ ಮಂದಿ ನಾವು ಈಗ ಎಷ್ಟು ಉಳಿದಿದ್ದೇವೆ? ಟೇಪು ಇನ್ನೂ ಹತ್ತು ವರ್ಷ ತಡೆದೀತು. ನಾನು ತಡೆಯೋದಿಲ್ಲ.

ಕರಿ ಎರಡು

ಅಜ್ಜಾ, ನಮಸ್ಕಾರ. ನಿಮ್ಮ ಮಾತು ಕೇಳಿದ ಮೇಲೆ ಎಲ್ಲಾ ಬಿಟ್ಟು ಇದನ್ನೇ ಮೊದಲು ಮಾಡಬೇಕು ಅನ್ನಿಸ್ತಿದೆ. ಹುಡುಗ, ಪೂರ್ತಿ ಇಳಿಸೋವರೆಗೂ ಕಾಯಬೇಡಿ. ಚುಕ್ಕಿ ಇರೋ ಪ್ರತಿ ಟೇಪಿನ ಐದೈದು ನಿಮಿಷ ಅಜ್ಜನಿಗೆ ಕೇಳಿಸಿ, ಅವರು ಹೇಳೋದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ತಪ್ಪಿದರೂ ಪರವಾಗಿಲ್ಲ. "ಇವರು ಅವರಲ್ಲ" ಅನ್ನೋದೂ ಮಾಹಿತಿಯೇ.

ಕಾಲ ಪತ್ತೆ ಮಾಡೋಕೆ ನಾವು ಉಪಯೋಗಿಸೋ ಕೆಲವು ಗುರುತು ಹೇಳ್ತೀನಿ. ಗಾಯಕ ಬಸವರಾಜ ರಾಜಗುರು 1991ರಲ್ಲಿ, ಮನ್ಸೂರರು 1992ರಲ್ಲಿ ಹೋದರು. ಆಮೇಲಿನ ತಾರೀಖು ಬರೆದಿದ್ದರೆ ಅದು ನಕಲು ಮಾಡಿಕೊಂಡ ದಿನ ಅಂತ ತಿಳಿಯಿರಿ. ಗಂಗೂಬಾಯಿಯವರ ಹಿಂದೆ ಮಗಳು ಕೃಷ್ಣಾ ಹಾನಗಲ್ಲರ ದನಿ ಕೇಳಿದರೆ ಅದು 2004ರಲ್ಲಿ ಮಗಳು ಹೋಗೋಕೆ ಮುಂಚಿನದು. ಕೊನೆಯಲ್ಲಿ ವಚನ ಬರುತ್ತದೋ, ನಾಟ್ಯಗೀತೆ ಬರುತ್ತದೋ, ಭೈರವಿ ಬರುತ್ತದೋ ಅದನ್ನೂ ಬರೆದುಕೊಳ್ಳಿ. ಯಾವ ಪರಂಪರೆಯವರು, ಎಂಥಾ ಸಭೆ ಅಂತ ಅದರಿಂದ ಅಂದಾಜು ಸಿಗುತ್ತದೆ.

ಶ್ರುತಿ ವಿಷಯ. ಕಾಕಾ "ಸೆಲ್ಲು ಇಳಿದಿತ್ತು" ಅಂತ ಬರೆದಿದ್ದಾರಲ್ಲ, ಅದು ಚಿನ್ನದಂಥ ಮಾತು. ಸೆಲ್ಲು ಇಳಿದಾಗ ರೆಕಾರ್ಡರ್ ನಿಧಾನ ಓಡಿರುತ್ತದೆ. ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ದನಿ ಮೇಲೇರುತ್ತದೆ. ಕರಿ ಒಂದರಲ್ಲಿ (ಪೇಟಿಯ ಮೊದಲ ಕರಿ ಮನೆಯ ಶ್ರುತಿ) ಹಾಡಿದವರು ಕೊನೆಗೆ ಕರಿ ಎರಡರಲ್ಲಿ ಇರುತ್ತಾರೆ! ಕೇಳಿದವರು "ಆಹಾ, ಆವತ್ತು ಎಷ್ಟು ಏರುದನಿ" ಅಂತ ತಪ್ಪು ತಿಳಿಯುತ್ತಾರೆ. ಪೇಟಿ ಇದ್ದರೆ ಅದರ ಸ್ವರಕ್ಕೆ ಹೋಲಿಸಿ ನೋಡಬಹುದು. ತಿದ್ದೋದು ಮಾತ್ರ ಎರಡನೇ ಪ್ರತಿಯಲ್ಲಿ.

ಹಳೇರೀಲ್

ಇನ್ನೊಂದು ಸುಳಿವು. ಕರೆಂಟಿಗೆ ಹಾಕಿ ರೆಕಾರ್ಡ್ ಮಾಡಿದ್ದರೆ ಹಿಂದೆ ಸಣ್ಣಗೆ ಹಮ್, ಗುಂಯ್ ಅನ್ನೋ ಸದ್ದು ಇರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಟೇಪಿನ ವೇಗ ನೋಡೋಕೆ ಅದನ್ನು ಅಳತೆಗೋಲು ಮಾಡಿಕೊಳ್ಳಬಹುದು. ಆದರೆ ಆ ಕಾಲದಲ್ಲಿ ಲೈನಿನ ಫ್ರೀಕ್ವೆನ್ಸಿಯೂ ಈಗಿನಷ್ಟು ಗಟ್ಟಿ ಇರಲಿಲ್ಲ. ಪೇಟಿ ಮತ್ತು ಹಮ್ ಎರಡೂ ಒಂದೇ ಮಾತು ಹೇಳಿದರೆ ನಂಬಿ.

ದನಿ ಏರಿಳಿತದ ಬಗ್ಗೆಯೂ ಹೇಳಿಬಿಡ್ತೀನಿ, ಇಲ್ಲದಿದ್ದರೆ ಗಾಬರಿ ಆಗ್ತೀರಿ. ಆ ಕಾಲದ ಸಣ್ಣ ರೆಕಾರ್ಡರುಗಳು ಮಟ್ಟವನ್ನು ತಾವೇ ಹೊಂದಿಸಿಕೊಳ್ಳುತ್ತಿದ್ದವು. ತಬಲಾ ಜೋರು ಬಿದ್ದರೆ ಹಾಡು ಒಳಗೆ ಸರಿಯುತ್ತದೆ. ಗಾಯಕರು ಉಸಿರು ತೆಗೆದುಕೊಂಡರೆ ತಂಬೂರಿ, ಜನರ ಪಿಸುಮಾತು ಎಲ್ಲಾ ಉಬ್ಬಿ ಮೇಲೆ ಬರುತ್ತದೆ. ಟೇಪು ಕೆಟ್ಟಿಲ್ಲ. ಯಂತ್ರದ ಗುಣ ಅದು.

ಫೈಲು 24 ಬಿಟ್, 96 ಕಿಲೋಹರ್ಟ್ಸ್ ಇರಲಿ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಕನಿಷ್ಠ 48 ಅನ್ನುತ್ತದೆ, 96 ಇದ್ದರೆ ಚಲೋ. ಧ್ವನಿ ಕುಗ್ಗಿಸದ ವೇವ್ ಫೈಲು. ಒಂದು ಸಿ-90 ಸ್ಟೀರಿಯೋದಲ್ಲಿ ಸುಮಾರು 3.1 ಜಿಬಿ. ಎಲ್ಲಾ ಸೇರಿ ಒಂದು ಟಿಬಿಯ ಆಸುಪಾಸು. ಎರಡು ಟಿಬಿಯ ಡಿಸ್ಕು ಎರಡು ತಗೊಳ್ಳಿ, ಬೇರೆ ಬೇರೆ ಊರಲ್ಲಿ ಇಡಿ. ಪೆನ್ ಡ್ರೈವ್ ಅಂದರೆ ಅಪ್ಪನಿಗೆ ನನ್ನ ಕಡೆಯಿಂದ ಕೈಮುಗಿಯಿರಿ.

ಸ್ಪೂಲ್ ಟೇಪು ನೀವು ಮುಟ್ಟಬೇಡಿ. ಮೂಸಿ ನೋಡಿ, ವಿನೆಗರ್ ವಾಸನೆ ಬಂದರೆ ಬೇಗ ಹೇಳಿ. ಇಂಟರ್‌ನೆಟ್ಟಿನಲ್ಲಿ ಯಾರೋ ಟೇಪು ಓವನ್ನಿನಲ್ಲಿ ಬಿಸಿ ಮಾಡಿ ಅಂತ ಬರೆದಿರುತ್ತಾರೆ. ಅದು ಅಂಟು ಬಿಟ್ಟ ಒಂದು ಜಾತಿಯ ಟೇಪಿಗೆ ಮಾತ್ರ. ವಿನೆಗರ್ ವಾಸನೆಯ ಟೇಪಿಗೆ ಹಾಗೆ ಮಾಡಿದರೆ ಕಥೆ ಮುಗಿಯಿತು.

ಮಾಳಮಡ್ಡಿ ಹುಡುಗ

ಹಳೇರೀಲ್ ಸರ್ ತಮ್ಮ ಡೆಕ್ ಕೊಟ್ಟಿದ್ದಾರೆ, ಇಲ್ಲೇ ಹೇಳ್ತೀನಿ, ಬಾಡಿಗೆ ಬೇಡ ಅಂದರು. ಕೆಲಸ ಶುರುವಾಗಿದೆ. ಚುಕ್ಕಿ ಟೇಪುಗಳನ್ನು ಕುಂದಗೋಳಕ್ಕೆ ಒಯ್ದೆವು. ಅಜ್ಜ ಅರ್ಧಕ್ಕಿಂತ ಜಾಸ್ತಿ ಗುರುತು ಹಿಡಿದರು. ಒಂದು ಕಡೆ ಹಾಡಿದವರ ಹೆಸರು ಗೊತ್ತಾಗಲಿಲ್ಲ. ಆದರೆ "ಇದು ಗದಗಿನ ಆಶ್ರಮದಲ್ಲಿ ಕಲಿತ ಗಂಟಲು" ಅಂತ ಖಡಾಖಂಡಿತ ಹೇಳಿದರು. ವೀರೇಶ್ವರ ಪುಣ್ಯಾಶ್ರಮದ ಶಿಷ್ಯರಲ್ಲಿ ಆ ವಯಸ್ಸಿನವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ತಿಳಿಸಿ.

ಈಗ ನಿಜವಾದ ಪೇಚು ಬಂದಿದೆ. ಲೆಕ್ಕದ ಪುಸ್ತಕದಲ್ಲಿ ಹನ್ನೆರಡು ಸಾಲು ಕೆಂಪು ಶಾಯಿಯಲ್ಲಿವೆ. ಪ್ರತಿಯೊಂದರ ಮುಂದೆ ಹೀಗೆ ಬರೆದಿದ್ದಾರೆ: "ಬೇರೆ ಯಾರಿಗೂ ಕೊಡುವುದಿಲ್ಲ ಎಂದು ಮಾತು ಕೊಟ್ಟು ಮುದ್ರಿಸಿದ್ದು." ಆ ಗಾಯಕರಲ್ಲಿ ಯಾರೂ ಈಗ ಇಲ್ಲ. ಕಾಕಾನೂ ಇಲ್ಲ. ಏನು ಮಾಡಲಿ?

ಸೌಂಡ್ ಸಿದ್ದ

ಇಬ್ಬರೂ ಇಲ್ಲ ಅಂದಮೇಲೆ ಮಾತು ಯಾರಿಗೆ? ಹಾಕಿಬಿಡಿ ಅಣ್ಣ. ಅವರು ಬದುಕಿದ್ದಾಗ ನಕಲು ಮಾಡಿ ಮಾರ್ತಾರೆ ಅನ್ನೋ ಭಯ ಇತ್ತು. ಈಗ ಯಾರು ಮಾರ್ತಾರೆ? ಇವತ್ತಿನ ವಿದ್ಯಾರ್ಥಿಗಳಿಗೆ ಸಿಗಲಿ.

ಕರಿ ಎರಡು

ಮಾರೋ ಭಯ ಅಷ್ಟೇ ಅಲ್ಲ ಸಿದ್ದ. ಮನೆಯ ಬೈಠಕ್ ಅಂದರೆ ಗಾಯಕರು ಸಡಿಲಾಗಿ ಹಾಡೋ ಜಾಗ. ಇನ್ನೂ ಕೂರದ ರಾಗ ಪ್ರಯತ್ನಿಸುತ್ತಾರೆ. ತಾನ್ (ವೇಗದ ಸ್ವರಗಳ ಸಾಲು) ತಪ್ಪುತ್ತದೆ, ನಗುತ್ತಾರೆ. ಗುರು ಕೊಟ್ಟ ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು) ಒಂದನ್ನು ಗೊತ್ತಿರುವ ಹತ್ತು ಜನರ ಮುಂದೆ ಮಾತ್ರ ತೆಗೆಯುತ್ತಾರೆ. ಅದನ್ನು ಊರಿಗೆಲ್ಲಾ ಕೇಳಿಸಲ್ಲ ಅಂತ ನಂಬಿಯೇ ಹಾಡಿದ್ದು. ಆ ನಂಬಿಕೆ ಇಲ್ಲದಿದ್ದರೆ ಆ ಹಾಡೇ ಹುಟ್ಟುತ್ತಿರಲಿಲ್ಲ. ಮನುಷ್ಯ ಹೋದ ಕೂಡಲೇ ಮಾತು ಬಿದ್ದುಹೋಗುತ್ತದೆ ಅಂತ ನಾನು ಒಪ್ಪಲ್ಲ.

ವಕೀಲರ ಮನೆ

ಕಾನೂನು ಏನು ಹೇಳುತ್ತದೆ ಅಂತ ಚುಟುಕಾಗಿ. ಧ್ವನಿಮುದ್ರಣದ ಹಕ್ಕು ಮುದ್ರಿಸಿದವರದು. ಈಗ ವಾರಸುದಾರರದು, ಅಂದರೆ ನಿಮ್ಮ ಮನೆಯವರದು. ಆದರೆ ಹಾಡಿದವರಿಗೂ ಹಕ್ಕಿದೆ. 1957ರ ಕಾಪಿರೈಟ್ ಕಾಯ್ದೆಗೆ 1994ರಲ್ಲಿ ತಿದ್ದುಪಡಿ ಆಗಿ ಕಲಾವಿದರ ಹಕ್ಕು ಸೇರಿತು. ಆಗ 25 ವರ್ಷ ಇತ್ತು, 1999ರಲ್ಲಿ 50 ವರ್ಷ ಮಾಡಿದರು. ಹಾಡಿದ ವರ್ಷದ ಮುಂದಿನ ಜನವರಿಯಿಂದ ಲೆಕ್ಕ. 2012ರಲ್ಲಿ ಇನ್ನೊಂದು ಸೇರಿತು: ತನ್ನ ಹಾಡನ್ನು ತಿರುಚಿ ಮರ್ಯಾದೆ ಕಳೆದರೆ ಕಲಾವಿದ ತಡೆಯಬಹುದು.

ಸ್ವಂತಕ್ಕೆ ಕೇಳಲು, ಪಾಠಕ್ಕೆ, ಸಂಶೋಧನೆಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಯೂಟ್ಯೂಬಿಗೆ ಹಾಕೋದು ಇದ್ಯಾವುದೂ ಅಲ್ಲ. ಹಾಗಾಗಿ ಕೆಂಪು ಶಾಯಿ ಇರಲಿ ಇಲ್ಲದಿರಲಿ, ಹೊರಗೆ ಹಾಕೋ ಮುಂಚೆ ಗಾಯಕರ ಮಕ್ಕಳನ್ನು ಕೇಳಿ, ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ. ನಿಮ್ಮ ಮನೆಯಲ್ಲೂ ಅಣ್ಣತಮ್ಮಂದಿರ ಸಹಿ ಈಗಲೇ ಹಾಕಿಸಿಕೊಳ್ಳಿ. ಮನೆ ಹಿಸ್ಸೆ ಆಗೋ ಹೊತ್ತಿಗೆ ಟ್ರಂಕಿಗೂ ಬೆಲೆ ಬಂದುಬಿಡುತ್ತದೆ, ನೋಡಿದ್ದೀನಿ.

ಪುಸ್ತಕದ ಹುಳ

ಹಾಕೋದು ಇಲ್ಲವೇ ಮುಚ್ಚಿಡೋದು, ಎರಡೇ ದಾರಿ ಅಲ್ಲ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನವರು 1982ರಿಂದ ಒಂದು ಸಂಗೀತ ಸಂಗ್ರಹಾಲಯ ನಡೆಸುತ್ತಿದ್ದಾರೆ. ಈಗ ಗುರುಗ್ರಾಮದಲ್ಲಿದೆ. ಇಂಥ ಖಾಸಗಿ ಸಂಗ್ರಹಗಳನ್ನು ಕರಾರು ಮಾಡಿಕೊಂಡು ಇಟ್ಟುಕೊಳ್ಳುತ್ತಾರೆ. ಯಾರು ಕೇಳಬಹುದು, ನಕಲು ಕೊಡಬಹುದೋ ಇಲ್ಲವೋ ಅಂತ ಕೊಡುವವರು ಷರತ್ತು ಹಾಕಬಹುದು. ಕೆಂಪು ಶಾಯಿಯವಕ್ಕೆ "ಬಂದು ಕೂತು ಕೇಳಬಹುದು, ಒಯ್ಯುವ ಹಾಗಿಲ್ಲ" ಅಂತ ಷರತ್ತು. ಇದು ಕಾಕಾನ ಮಾತಿಗೂ ಸರಿ ಹೋಗುತ್ತದೆ, ಸಿದ್ದನ ಹಟಕ್ಕೂ ಸ್ವಲ್ಪ ಸರಿ ಹೋಗುತ್ತದೆ.

ಒಂದು ಪ್ರತಿ ಮಾತ್ರ ಈ ಸೀಮೆಯಲ್ಲೇ ಇರಲಿ ಅನ್ನೋದು ನನ್ನ ಆಸೆ. ಧಾರವಾಡದ ಹುಡುಗಿ ಧಾರವಾಡದ ಬೈಠಕ್ ಕೇಳೋಕೆ ಗುರುಗ್ರಾಮಕ್ಕೆ ಹೋಗೋದು ಯಾಕೋ ಸರಿ ಅನ್ನಿಸಲ್ಲ. ಇಲ್ಲಿ ಸಂಗೀತ ಕಾಲೇಜುಗಳಿವೆ, ವಿಶ್ವವಿದ್ಯಾಲಯ ಇದೆ. ಆದರೆ ಕೊಡೋ ಮುಂಚೆ ಒಂದು ಪ್ರಶ್ನೆ ಕೇಳಿ: ಹತ್ತು ವರ್ಷದ ಮೇಲೆ ಈ ಡಿಸ್ಕು ಕೆಟ್ಟರೆ ಹೊಸದಕ್ಕೆ ಇಳಿಸೋರು ಯಾರು? ಉತ್ತರ ಬರದಿದ್ದರೆ ಕೊಡಬೇಡಿ. ಬೀರುವಿಗೆ ಹಾಕಿ ಬೀಗ ಹಾಕೋದು ಯಾರು ಬೇಕಾದರೂ ಮಾಡ್ತಾರೆ.

ಕುಂದಗೋಳ ಅಜ್ಜ

ಕೆಂಪು ಶಾಯಿಯವರಲ್ಲಿ ಇಬ್ಬರ ಮನೆ ನನಗೆ ಗೊತ್ತು. ಮಕ್ಕಳು ಹುಬ್ಬಳ್ಳಿಯಲ್ಲೇ ಇದ್ದಾರೆ. ಫೋನ್ ಬೇಡ, ಕರೆದುಕೊಂಡು ಹೋಗ್ತೀನಿ. ಕೈಯಲ್ಲಿ ಟೇಪಿನ ಪ್ರತಿ ಹಿಡಿದು ಹೋಗಬೇಕು. ಅವರಪ್ಪನ ದನಿ, ಅವರಿಗೇ ಮೊದಲು ಸಿಗಬೇಕು.

ಮಾಳಮಡ್ಡಿ ಹುಡುಗ

ಅಜ್ಜನ ಜೊತೆ ಹೋಗಿ ಬಂದೆವು. ಹೆಸರು ಹಾಕಲ್ಲ, ಅವರು ಬೇಡ ಅಂದರು. ಮೊದಲನೇ ಮನೆಯಲ್ಲಿ ಮಗ ಲ್ಯಾಪ್‌ಟಾಪ್ ಮುಂದೆ ಕೂತು ಪೂರ್ತಿ ಕೇಳಿದರು. ನಡುವೆ ಅವರಪ್ಪ ಹಾಡು ನಿಲ್ಲಿಸಿ ಯಾರನ್ನೋ "ಊಟ ಆತೇನು?" ಅಂತ ಕೇಳೋದು ಬರುತ್ತದೆ. "ಅದು ನನಗೆ ಕೇಳಿದ್ದು" ಅಂದರು. ಪಾಠಕ್ಕೆ ಕೇಳಿಸಬಹುದು, ನೆಟ್ಟಿಗೆ ಹಾಕಬೇಡಿ ಅಂತ ಬರೆದುಕೊಟ್ಟರು. ಎರಡನೇ ಮನೆಯವರು ಪ್ರತಿ ತಗೊಂಡರು. ಒಪ್ಪಿಗೆಗೆ ಟೈಮ್ ಕೇಳಿದ್ದಾರೆ. ಅಲ್ಲಿಯವರೆಗೆ ಆ ಫೈಲು ಯಾರಿಗೂ ಇಲ್ಲ, ಸಿದ್ದನಿಗೂ ಇಲ್ಲ.

ಅಪ್ಪನ ವಿಷಯ. ಒಂದು ಟೇಪಿನಲ್ಲಿ ಕಾಕಾ ಪಕ್ಕದವರಿಗೆ "ಅಣ್ಣ ಹೊರಗೆ ನಿಂತಾನ, ಒಳಗ ಕರೀರಿ" ಅಂತ ಪಿಸುಗುಟ್ಟಿದ್ದು ಕೇಳಿಸಿತು. ಅಪ್ಪನಿಗೆ ಹೇಳಿದೆ. ಗುಜರಿ ಮಾತು ಆಮೇಲೆ ಬಂದಿಲ್ಲ. ಟ್ರಂಕು ಅಕ್ಕನ ಮನೆಗೆ ಹೋಗಿದೆ, ಅಟ್ಟದ ಮೇಲಲ್ಲ, ಒಣ ಕೋಣೆಯಲ್ಲಿ. ಕ್ಯಾಸೆಟ್ಟೆಲ್ಲಾ ನಿಲ್ಲಿಸಿ ಇಟ್ಟಿದ್ದೀವಿ.

ಸೌಂಡ್ ಸಿದ್ದ

ಸರಿ ಅಣ್ಣ, ಸೋತೆ. ಫೈಲಿಗೆ ಹೆಸರು ಕೊಡೋದು, ಪಟ್ಟಿಯನ್ನು ಕಂಪ್ಯೂಟರಿಗೆ ಹಾಕೋದು ನಾನು ಮಾಡ್ತೀನಿ. ಪ್ರತಿ ಫೈಲಿಗೂ ಚೆಕ್‌ಸಮ್ ಹಾಕಿಡ್ತೀನಿ. ಮುಂದೆ ಒಂದು ಬಿಟ್ ಬದಲಾದರೂ ಗೊತ್ತಾಗುತ್ತೆ. ಆದರೆ ಒಪ್ಪಿಗೆ ಸಿಕ್ಕವನ್ನಾದರೂ ಹಾಕೋಣ. ತಂಬೂರಿ ಸಮೇತ.

ಹಳೇರೀಲ್

ಒಪ್ಪಿಗೆ ಸಿಕ್ಕವು ಹೋಗಲಿ ಬಿಡಿ, ಕೇಳಲಿ ಮಂದಿ. ಈಗ ನನ್ನ ಬೇಡಿಕೆ. ಏಳೆಂಟು ಕ್ಯಾಸೆಟ್ಟಿನ ಒಳಗಿನ ಸ್ಪಂಜಿನ ಪ್ಯಾಡು ಉದುರಿದೆ. ಅವು ಅಂಟಿಸಿದ ಡಬ್ಬಿ, ಸ್ಕ್ರೂ ಇಲ್ಲ. ಟೇಪನ್ನು ಬೇರೆ ಡಬ್ಬಿಗೆ ಕೂಡಿಸಬೇಕು. ಐದು ಸ್ಕ್ರೂ ಇರೋ ಖಾಲಿ ಅಥವಾ ಕೆಟ್ಟ ಕ್ಯಾಸೆಟ್ಟು ಯಾರ ಮನೆಯಲ್ಲಿದ್ದರೂ ಎಸೀಬೇಡಿ, ನನಗೆ ಬೇಕು. ಭಜನೆಯದಾದರೂ ಸರಿ, ಇಂಗ್ಲಿಷ್ ಕಲಿಯಿರಿ ಕ್ಯಾಸೆಟ್ಟಾದರೂ ಸರಿ. ಭಾನುವಾರ ಅಕ್ಕನ ಮನೆಗೆ ಬರುವವರು ತನ್ನಿ. ಸಣ್ಣ ಸ್ಕ್ರೂಡ್ರೈವರ್ ನನ್ನ ಹತ್ತಿರ ಇದೆ.